ಕಫದ ಕೋಣೆಯ ಜಯಲಕ್ಷ್ಮೀ ಮೇಡಂ

ಮನುಷ್ಯರ ಉಬ್ಬಸದಲ್ಲಿ ರೋಗನಿರೋಧಕ ಕೋಶಗಳ ಪಾತ್ರವೇನು ಎಂಬ ಪ್ರಶ್ನೆಯನ್ನು ಇಲಿಗಳನ್ನು ಕೇಳದೆ ಮನುಷ್ಯರನ್ನೇ ಕೇಳಿದವರು, ಉತ್ತರ ಸಿಗುವವರೆಗೂ ಸೂಕ್ಷ್ಮದರ್ಶಕದ ಮುಂದಿನಿಂದ ಏಳದವರು, ಸಿಕ್ಕ ಉತ್ತರವನ್ನು ವಿದೇಶಿ ಪತ್ರಿಕೆಗೆ ಕಳಿಸುವ ಮೊದಲು ರೋಗಿಯ ಔಷಧದ ಚೀಟಿಗೆ ಇಳಿಸಿದವರು ನಮ್ಮಲ್ಲಿ ಬೆರಳೆಣಿಕೆಯ ಮಂದಿ. ಅವರಲ್ಲಿ ಮೊದಲು ನೆನೆಯಬೇಕಾದ ಹೆಸರು ಡಾ. ಜಯಲಕ್ಷ್ಮೀ ಅವರದು. ಚೆನ್ನೈನ ಎದೆರೋಗ ಸಂಸ್ಥೆಯೊಂದರಲ್ಲಿ ಮೂರು ದಶಕಗಳಿಗೂ ಮಿಕ್ಕಿ ಸೇವೆ ಸಲ್ಲಿಸಿ ಈಚೆಗೆ ನಿವೃತ್ತರಾದ ಅವರನ್ನು ಇಲ್ಲಿನ ಕನ್ನಡಿಗರು ಅಭಿನಂದಿಸುತ್ತಿರುವುದು ಉಚಿತವೇ. ಅವರ ವಿದ್ಯಾರ್ಥಿನಿಯಾಗಿದ್ದ ನನ್ನಿಂದಲೂ ಒಂದು ಲೇಖನ ಬೇಕೆಂದು ಕೇಳಿದ್ದು ನನ್ನ ಭಾಗ್ಯ. ಇಷ್ಟನ್ನು ವಿನಯದಿಂದ ಹೇಳಿದ ಮೇಲೆ, ನಾನು ಸಿಟ್ಟಿನಲ್ಲಿದ್ದೇನೆ ಎಂಬುದನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು.

ಈ ಗ್ರಂಥದ ಸಂಪಾದಕರಾದ ಶ್ರೀ ರಾಮದಾಸ ಅವರು ವಿದ್ವಾಂಸರು, ಸಜ್ಜನರು, ಕನ್ನಡದ ಕೆಲಸವೆಂದರೆ ಬಿಸಿಲು ಮಳೆ ನೋಡದೆ ಚೆನ್ನೈ ತುಂಬ ಓಡಾಡುವವರು. ನನ್ನ ಮೊದಲ ಕರಡನ್ನು ಓದಿ ಅವರು ಫೋನು ಮಾಡಿದರು. “ಲೇಖನ ತುಂಬಾ ಚೆನ್ನಾಗಿದೆಯಮ್ಮಾ, ಆದ್ರೆ ಕಫ ಸ್ವಲ್ಪ ಜಾಸ್ತಿಯಾಯ್ತು” ಎಂದರು. ಊಟ ಮಾಡಿ ಕೂತು ಓದುವವರಿರುತ್ತಾರೆ, ಕಫ ಎಂದಿರುವಲ್ಲೆಲ್ಲ ‘ಶ್ವಾಸನಾಳದ ಸ್ರಾವ’ ಎಂದು ಹಾಕಬಹುದೇ, ಆ ಉಗುಳುವ ಪ್ರಸಂಗವನ್ನು ಬಿಟ್ಟೇಬಿಡಬಹುದೇ ಎಂದು ಬಹಳ ಸಂಕೋಚದಿಂದ ಕೇಳಿದರು. “ಕಫ ತೆಗೆದ್ರೆ ಮೇಡಂ ಉಳಿಯೋದಿಲ್ಲ ಸಾರ್” ಎಂದೆ. ಕೊನೆಗೆ ಅವರು, ನಾನು ಬರೆದದ್ದನ್ನು ಒಂದಕ್ಷರವೂ ತಿದ್ದದೆ ಅಚ್ಚು ಹಾಕುವುದಾಗಿ ಮಾತು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ಉಳಿದ ಲೇಖನಗಳನ್ನು ಓದಿದಾಗ. ಒಬ್ಬರು ಮೇಡಂ ಅವರನ್ನು ಸಹನಾಮೂರ್ತಿ ಎಂದಿದ್ದಾರೆ, ಇನ್ನೊಬ್ಬರು ತಾಯಿಯ ಮಮತೆಯವರು ಎಂದಿದ್ದಾರೆ, ಮತ್ತೊಬ್ಬರಂತೂ ಅವರ ಬಿಸಿಬೇಳೆ ಅನ್ನದ ರುಚಿಗೆ ಎರಡು ಪುಟ ಮೀಸಲಿಟ್ಟಿದ್ದಾರೆ. ಬಿಸಿಬೇಳೆ ಅನ್ನ ಚೆನ್ನಾಗಿಯೇ ಇರುತ್ತದೆ, ನಾನೂ ತಿಂದಿದ್ದೇನೆ. ಆದರೆ ಇಡೀ ಗ್ರಂಥದಲ್ಲಿ ಅವರ ವಿಜ್ಞಾನಕ್ಕೆ ಅಷ್ಟು ಜಾಗವೂ ಸಿಕ್ಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೇಡಂ ಕಟ್ಟಿ ಬೆಳೆಸಿದ ಕಫ ಪರೀಕ್ಷೆಯ ಕೋಣೆಗೆ ಅವರ ನಿವೃತ್ತಿಯ ಜೊತೆಗೇ ಬೀಗ ಬಿದ್ದಿದೆ, ಆ ಕೋಣೆಯನ್ನು ನಂಬಿದ್ದ ರೋಗಿಗಳಿಗೆ ದಿಕ್ಕಿಲ್ಲದಂತಾಗಿದೆ ಎಂಬ ಸಂಗತಿಯನ್ನು ಯಾರೂ ಬರೆದಿಲ್ಲ. ಹೂವಿನ ಹಾರದ ಭಾರಕ್ಕೆ ಕೊರಳು ಬಗ್ಗಿಸಿ ನಿಂತವರನ್ನು ಏನು ಬೇಕಾದರೂ ಮಾಡಬಹುದು ಎಂದುಕೊಂಡಂತಿದೆ.

ಮೇಡಂ ಹುಟ್ಟಿದ್ದು ಪೆರಂಬೂರಿನಲ್ಲಿ. ಮನೆತನದವರು ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೆಂದು ಮನೆಯವರಿಗೇ ಸರಿಯಾಗಿ ತಿಳಿಯದು. ತಂದೆ ರೈಲುಡಬ್ಬಿ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು, ದೇವರ ಮನೆಯಲ್ಲಿ ಸಂಸ್ಕೃತ. ಇವೆಲ್ಲ ಕಲೆತ ಮಾತೇ ಅವರದು. ಪ್ರೀತಿ ಬಂದಾಗ ಕನ್ನಡದಲ್ಲಿ, ಸಿಟ್ಟು ಬಂದಾಗ ತಮಿಳಿನಲ್ಲಿ ಮಾತಾಡುತ್ತಿದ್ದರಾದ್ದರಿಂದ, ವಾರ್ಡಿನ ಬಾಗಿಲಲ್ಲಿ ನಿಂತು ಕಿವಿಗೊಟ್ಟರೆ ಒಳಗೆ ಹೋಗಬಹುದೋ ಬೇಡವೋ ಎಂದು ನಮಗೆ ಗೊತ್ತಾಗುತ್ತಿತ್ತು. ಸಹನಾಮೂರ್ತಿ ಎಂದು ಬರೆದವರು ಆ ಬಾಗಿಲಲ್ಲಿ ಎಂದೂ ನಿಂತಿರಲಾರರು.

ಅವರು ಮದುವೆಯಾಗಿ ಸೇರಿದ ಮನೆಯೂ ಮಡಿ ಮೈಲಿಗೆಗಳನ್ನು ಚಾಚೂ ತಪ್ಪದೆ ನಡೆಸುವ ಮನೆ. ಸೊಸೆ ದಿನವಿಡೀ ಊರವರ ಕಫವನ್ನು ಗಾಜಿನ ಮೇಲೆ ಸವರಿ ನೋಡುತ್ತಾಳೆಂದು ತಿಳಿದಾಗ ಅತ್ತೆ ಶಾರದಮ್ಮನವರು ಕೆಲಸ ಬಿಡು ಎನ್ನಲಿಲ್ಲ. ಆಸ್ಪತ್ರೆಯಿಂದ ಬಂದವಳು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಹೋಗಬೇಕು ಎಂದರು, ಅಷ್ಟೇ. ಈ ಶಾರದಮ್ಮನವರಿಗೇ ಉಬ್ಬಸವಿತ್ತು. ಒಮ್ಮೆ ಸೊಸೆಯ ಒತ್ತಾಯಕ್ಕೆ ಅವರೂ ಪರೀಕ್ಷೆಗೆ ಒಪ್ಪಿದರು. ಅಂದಿನ ಕಥೆಯನ್ನು ಮೇಡಂ ನನಗೆ ಊಟದ ಡಬ್ಬಿ ಬಿಚ್ಚುತ್ತ ಹೇಳಿದ್ದು ಹೀಗೆ: “ಸ್ಲೈಡ್ ನೋಡಿದ್ರೆ ಬರೀ ಎಂಜಲಮ್ಮಾ. ಕಫ ಎಲ್ಲಿ ಅಂತ ಕೇಳಿದ್ರೆ, ‘ಗಂಟಲ ತನಕ ಬಂತು, ಸೊಸೆ ಮುಂದೆ ಹೇಗೆ ಉಗುಳ್ಲಿ, ನುಂಗ್ಬಿಟ್ಟೆ’ ಅಂದ್ರು. ಪಾವಂ, ಪಾಪ ಅವ್ರೇನು ಮಾಡ್ತಾರೆ, ಐದು ವಯಸ್ಸಿಂದ ಹಾಗೇ ಬೆಳೆಸಿರೋದು.” ಮೇಡಂ ಅವರ ಜೀವಮಾನದ ಕೆಲಸ ಅಲ್ಲಿಂದ ಶುರುವಾಯಿತು ಎಂದರೆ ತಪ್ಪಾಗದು.

ಅದು ಏಕೆ ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ಉಬ್ಬಸದ ವಿಚಾರ ಎರಡು ಮಾತು ಹೇಳಬೇಕು. ಉಬ್ಬಸವೆಂದರೆ ಉಸಿರಿನ ಕೊಳವೆ ಬಿಗಿಯುವುದು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಬಿಗಿಸುವವರು ಯಾರು ಎಂದು ಕೇಳುವುದಿಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕೋಶಗಳೇ ಆ ಕೊಳವೆಗಳಲ್ಲಿ ಗುಂಪುಗೂಡಿ, ಹೊಟ್ಟೆಹುಳುಗಳನ್ನು ಕೊಲ್ಲಲೆಂದು ಇಟ್ಟುಕೊಂಡಿರುವ ವಿಷವನ್ನು ನಮ್ಮ ಮೇಲೆಯೇ ಚೆಲ್ಲುತ್ತವೆ. ಹೀಗೆ ಚೆಲ್ಲುವವುಗಳಲ್ಲಿ ಮುಖ್ಯವಾದದ್ದು ಇಯೊಸಿನೊಫಿಲ್ ಎಂಬ ಕೋಶ; ಬಣ್ಣ ಹಾಕಿ ನೋಡಿದರೆ ಕಿತ್ತಳೆ ಬಣ್ಣದ ಕಾಳು ತುಂಬಿದ ಪುಟ್ಟ ಚೀಲದಂತೆ ಕಾಣುತ್ತದೆ. ಟಿ-ಕೋಶಗಳು ಅದನ್ನು ಕರೆಯುತ್ತವೆ, ಮಾಸ್ಟ್ ಕೋಶಗಳು ಕುಮ್ಮಕ್ಕು ಕೊಡುತ್ತವೆ, ಅದು ಬಂದು ಕೂರುತ್ತದೆ. ಸ್ಟಿರಾಯ್ಡ್ ಔಷಧಕ್ಕೆ ಈ ಕೋಶ ಸಾಮಾನ್ಯವಾಗಿ ಬಗ್ಗುತ್ತದೆ. ಆದರೆ ಎಲ್ಲರ ಉಬ್ಬಸವೂ ಇದರದ್ದಲ್ಲ. ಕೆಲವರಲ್ಲಿ, ಹೊಗೆ, ಘಾಟು, ಸೋಂಕುಗಳಿಗೆ ಮೈಯೊಡ್ಡಿದವರಲ್ಲಿ ಹೆಚ್ಚಾಗಿ, ನ್ಯೂಟ್ರೊಫಿಲ್ ಎಂಬ ಬೇರೆಯೇ ಕೋಶ ತುಂಬಿರುತ್ತದೆ. ಅದು ಸ್ಟಿರಾಯ್ಡಿಗೆ ಜಗ್ಗುವುದಿಲ್ಲ. ಎರಡರಲ್ಲೂ ಎದೆಯ ಸದ್ದು ಒಂದೇ, ಏದುಸಿರೂ ಒಂದೇ. ಯಾವುದು ಯಾವುದೆಂದು ನಿಶ್ಚಯವಾಗಿ ಹೇಳಬೇಕಾದರೆ ಕಫವನ್ನೇ ನೋಡಬೇಕು.

ಇದನ್ನು ನೋಡದ ಕಾರಣಕ್ಕೆ ಎಷ್ಟು ಜನ ನೊಂದಿದ್ದಾರೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ತೈಲ ಕಾರ್ಖಾನೆಗಳಿರುವ ಮಣಲಿ ಕಡೆಯ ಟ್ಯಾಂಕರ್ ಚಾಲಕರೊಬ್ಬರಿಗೆ ವರ್ಷಾನುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದರು. ಉಬ್ಬಸ ಇಳಿಯಲಿಲ್ಲ. ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ಸುಳ್ಳು ಹೇಳುತ್ತಿದ್ದಾನೆ ಎಂದು ಗದರಿಸಿ ಇನ್ನಷ್ಟು ಕೊಟ್ಟರು. ಮುಖ ಊದಿ, ಸಕ್ಕರೆ ಕಾಯಿಲೆ ಹಿಡಿದು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿಯಿಲ್ಲದೆ ಆ ಮನುಷ್ಯ ನಮ್ಮ ಸಂಸ್ಥೆಗೆ ಬಂದಾಗ ಮೇಡಂ ಕಫ ನೋಡಿದರು. ಕಿತ್ತಳೆ ಬಣ್ಣದ್ದು ಒಂದೂ ಇರಲಿಲ್ಲ, ಬರೀ ನ್ಯೂಟ್ರೊಫಿಲ್. ಮೇಡಂ ಮಾತ್ರೆಯನ್ನು ಮೆಲ್ಲಮೆಲ್ಲನೆ ಇಳಿಸಿ ನಿಲ್ಲಿಸಿ, ಸೋಂಕಿಗೆ ಔಷಧ ಕೊಟ್ಟು, ಘಾಟಿನ ಕೆಲಸದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕುವಂತೆ ಅವರ ಯಜಮಾನರಿಗೆ ತಾವೇ ಹೋಗಿ ಹೇಳಿ ಬಂದರು. ಅಂದು ಅವರು ಅಲ್ಲಿ ಮಾತಾಡಿದ್ದು ಪೂರ್ತಿ ತಮಿಳಿನಲ್ಲಿ.

ಮೇಡಂ ಸೇರಿದ ಹೊಸತರಲ್ಲಿ ಸಂಸ್ಥೆಯಲ್ಲಿ ಮಾನವಿದ್ದುದು ಇಲಿಗಳಿಗೆ. ಮೇಲಂತಸ್ತಿನ ತಂಪು ಕೋಣೆಗಳಲ್ಲಿ ಇಲಿಗಳಿಗೆ ಮೊಟ್ಟೆಯ ಬಿಳಿಯ ಪ್ರೋಟೀನು ಚುಚ್ಚಿ ಉಬ್ಬಸ ಬರಿಸಿ, ಆಮೇಲೆ ಅದನ್ನು ವಾಸಿ ಮಾಡಿ ಪ್ರಬಂಧ ಬರೆಯುತ್ತಿದ್ದರು. ಇಲಿ ಪ್ರಯೋಗದಿಂದ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ, ಮೇಡಂ ಕೂಡ ಎಂದೂ ಹಾಗೆ ಹೇಳಿದವರಲ್ಲ. ಆದರೆ ಇಲಿಗೆ ಉಬ್ಬಸ ಬರಿಸಬೇಕು, ಮನುಷ್ಯರಿಗೆ ಅದು ತಾನಾಗಿಯೇ ಬಂದು ಕೆಳಗಿನ ಸಾಲಿನಲ್ಲಿ ಕಾಯುತ್ತಿರುತ್ತದೆ. ಆ ಸಾಲಿನವರನ್ನು ನೋಡಲು ಮೇಡಂಗೆ ಸಿಕ್ಕಿದ್ದು ಹಿಂಬದಿಯಲ್ಲಿ ಮೆಟ್ಟಿಲ ಕೆಳಗಿನ ಒಂದು ಕೋಣೆ. ಜನ ಅದನ್ನು ‘ಸಳಿ ರೂಮು’ ಎನ್ನುತ್ತಿದ್ದರು. ಸಳಿ ಎಂದರೆ ತಮಿಳಿನಲ್ಲಿ ಕಫ. ಪೆರಂಬೂರಿನ ರೈಲ್ವೆಯವರು, ಸೌಕಾರ್‌ಪೇಟೆಯ ಜವಳಿ ಅಂಗಡಿಯವರು, ಮಣಲಿಯವರು ಎಲ್ಲರೂ ಆ ಬಾಗಿಲಲ್ಲಿ ಸಾಲಾಗಿ ಕೂರುತ್ತಿದ್ದರು.

ಮಂಡ್ಯ ಕಡೆಯಿಂದ ಬಂದು ಮೇಡಂ ಕೈಕೆಳಗೆ ಸೇರಿದ ನನಗೆ ತಮಿಳು ಬರುತ್ತಿರಲಿಲ್ಲ. ಬೇರೆ ವಿಭಾಗದವರು ನಕ್ಕರು. ಮೇಡಂ ಮಾತ್ರ ಎರಡು ಮಾತು ಕಲಿಸಿ ಕೆಲಸಕ್ಕೆ ಕೂರಿಸಿದರು. ಹೀಗಾಗಿ ನಾನು ಕಲಿತ ಮೊದಲ ತಮಿಳು ಮಾತುಗಳು ‘ಇರುಮುಂಗೊ’, ‘ತುಪ್ಪುಂಗೊ’. ಕೆಮ್ಮಿ, ಉಗುಳಿ ಎಂದರ್ಥ. ಉಪ್ಪುನೀರಿನ ಮಂಜನ್ನು ರೋಗಿಗೆ ಉಸಿರಿನಲ್ಲಿ ಎಳೆದುಕೊಳ್ಳಲು ಹೇಳುವುದು, ಎದೆಯಾಳದಿಂದ ಕೆಮ್ಮಿಸುವುದು, ಬಂದ ಕಫವನ್ನು ಬೇರ್ಪಡಿಸಿ ಎರಡು ಗಂಟೆಯೊಳಗೆ ಗಾಜಿನ ಮೇಲೆ ಹರಡುವುದು, ಬಣ್ಣ ಹಾಕಿ ಕೋಶಗಳನ್ನು ಎಣಿಸುವುದು. ತಡವಾದರೆ ಕೋಶಗಳು ಸಾಯುತ್ತವೆ. ಹೇಳಲು ಸುಲಭ, ಆದರೆ ಒಂದು ತೊಡಕಿತ್ತು: ಹೆಂಗಸರ ಮಾದರಿಗಳು, ಅದರಲ್ಲೂ ಆಚಾರವಂತರ ಮನೆಯವರದು, ಬಹುಪಾಲು ಬರೀ ಎಂಜಲಾಗಿರುತ್ತಿದ್ದವು.

ಆಗ ವಿಭಾಗದ ಮುಖ್ಯಸ್ಥರಾಗಿದ್ದವರು ಡಾ. ಮುರಳೀಧರ ಅವರು. ಇಂದು ಅವರೇ ಸಂಸ್ಥೆಯ ನಿರ್ದೇಶಕರು, ಅವರೇ ಈ ಅಭಿನಂದನ ಸಮಿತಿಯ ಅಧ್ಯಕ್ಷರು. ಆದ್ದರಿಂದ ನಾನು ಈ ಮಾತನ್ನು ಬೆನ್ನ ಹಿಂದೆ ಆಡುತ್ತಿಲ್ಲ. ನಮ್ಮ ಹೆಂಗಸರ ಶ್ವಾಸನಾಳಗಳಲ್ಲಿ ಕಫ ಸಾಕಷ್ಟು ಉತ್ಪತ್ತಿಯಾಗುವುದಿಲ್ಲ, ಈ ಪರೀಕ್ಷೆ ಅವರಿಗೆ ಹೊಂದುವುದಿಲ್ಲ ಎಂದು ಅವರು ಒಂದು ಪ್ರಬಂಧವನ್ನೇ ಬರೆದರು. ನುಂಗಿದ್ದನ್ನು ಇಲ್ಲವೆಂದು ಬರೆದರು. ಗಂಡು ವೈದ್ಯರು ಮೂವರು ಸುತ್ತ ನಿಂತು, ಪಕ್ಕದಲ್ಲಿ ಮಾವನನ್ನೋ ಮಗನನ್ನೋ ನಿಲ್ಲಿಸಿಕೊಂಡು, ಉಗುಳು ಎಂದರೆ ಮರ್ಯಾದಸ್ಥ ಹೆಂಗಸು ಉಗುಳುತ್ತಾಳೆಯೇ ಎಂದು ಅವರು ಯೋಚಿಸಲಿಲ್ಲ. ಅವರದೂ ಅಂಥದೇ ಮನೆ, ಅವರ ತಾಯಿಯೂ ಯಾರ ಮುಂದೂ ಉಗುಳಿರಲಾರರು. ಮನೆಯಲ್ಲಿ ನಿತ್ಯ ಕಂಡದ್ದು ಬಿಳಿ ಕೋಟು ಹಾಕಿದ ಕೂಡಲೇ ಮರೆತುಹೋಯಿತು.

ಪುಟ್ಟತಾಯಮ್ಮನವರು ನಮ್ಮಲ್ಲಿಗೆ ಬಂದದ್ದು ಆ ಕಾಲದಲ್ಲಿಯೇ. ಮಗ ಪ್ರತಾಪ್ ಮಣಲಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮಗ ಸೊಸೆಯ ಜೊತೆ ಇರಲು ಚಾಮರಾಜನಗರದ ಕಡೆಯಿಂದ ಬಂದವರು. ಮಾತಾಡುವಾಗ ವಾಕ್ಯ ಮುಗಿಸಲು ಉಸಿರು ಸಾಲುತ್ತಿರಲಿಲ್ಲ. ಅಲ್ಲಿ ಇಲ್ಲಿ ಕೊಟ್ಟ ಸ್ಟಿರಾಯ್ಡ್ ಮಾತ್ರೆಗಳಿಂದ ರಕ್ತದಲ್ಲಿ ಇಯೊಸಿನೊಫಿಲ್ ತಗ್ಗಿತ್ತು. ಹಾಗಾಗಿ ರಕ್ತ ಪರೀಕ್ಷೆ ಸರಿಯಾಗಿದೆ, ಎಕ್ಸ್‌ರೇ ಸರಿಯಾಗಿದೆ, ನಿಮಗೇನೂ ಇಲ್ಲ ಎಂದು ಕಳಿಸುತ್ತಿದ್ದರು. ಒಬ್ಬ ವೈದ್ಯರು, ಹೆಸರು ಹೇಳುವುದಿಲ್ಲ, “ಸೊಸೆ ಜೊತೆ ಏನಾದ್ರೂ ಜಗಳವಾ?” ಎಂದು ನಗುತ್ತ ಕೇಳಿದ್ದರಂತೆ. ನಮ್ಮ ಸಂಸ್ಥೆಯಲ್ಲೂ ಮೇಲಿನ ವಿಭಾಗದಲ್ಲಿ ಕಫ ತೆಗೆಯಲು ನೋಡಿ, ಸಿಗಲಿಲ್ಲವೆಂದು ಬರೆದು ಬಿಟ್ಟಿದ್ದರು.

ಮೇಡಂ ಅವರನ್ನು ಕೋಣೆಗೆ ಕರೆದರು. ಮೊದಲು ಪ್ರತಾಪ್ ಕಡೆ ತಿರುಗಿ, “ತಂಬಿ, ನೀವು ಹೊರಗೆ ಹೋಗಿ ಕಾಫಿ ಕುಡೀರಿ. ಮಗನ ಮುಂದೆ ಅಮ್ಮ ಉಗುಳಲ್ಲ” ಎಂದರು. ಬಾಗಿಲು ಹಾಕಿ ನನ್ನನ್ನು ಮಾತ್ರ ಒಳಗಿಟ್ಟುಕೊಂಡರು. ಪುಟ್ಟತಾಯಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ದೊಡ್ಡೋರ್ ಮುಂದೆ ಹೆಂಗವ್ವಾ ಉಗಿಯದು, ತಪ್ಪಾಯ್ತದೆ” ಎಂದರು. ಮೇಡಂ ಅವರ ಪಕ್ಕದಲ್ಲಿಯೇ ಸ್ಟೂಲು ಎಳೆದುಕೊಂಡು ಕೂತು, ಇನ್ನೊಂದು ಯಂತ್ರದ ಕೊಳವೆಯನ್ನು ತಮ್ಮ ಬಾಯಿಗಿಟ್ಟು ಉಪ್ಪು ಮಂಜನ್ನು ಎಳೆದರು. ಎರಡೂ ಮೂಗುತಿ ಅಲುಗುವಂತೆ ಕೆಮ್ಮಿದರು. ಗಂಟಲು ಕ್ಯಾಕರಿಸಿ ಬಟ್ಟಲಿಗೆ ಉಗುಳಿ, ಬಟ್ಟಲನ್ನು ಪುಟ್ಟತಾಯಮ್ಮನವರ ಮುಂದೆ ಹಿಡಿದರು.

“ನೋಡಿ, ಇಷ್ಟು ದಾನ್, ಇಷ್ಟೇ. ನನ್ನದೇ ಇಷ್ಟು ಅಸಹ್ಯವಾಗಿದೆ, ನಿಮ್ಮದೇನು ಇದಕ್ಕಿಂತ ಕೆಟ್ಟದಾಗಿರತ್ತಾ?”

ಪುಟ್ಟತಾಯಮ್ಮನವರು ಒಂದು ಕ್ಷಣ ಬೆರಗಾಗಿ ನೋಡಿದರು. ಆಮೇಲೆ ಸೆರಗು ಕೆಳಗಿಳಿಸಿ, “ಅಯ್ಯೋ ನನ್ ತಾಯಿ, ನೀವೇ ಹಿಂಗ್ ಉಗುದ್ ಮೇಲೆ ನಂದೇನ್ ಹೆಚ್ಗಾರಿಕೆ” ಎಂದು ನಗುತ್ತ ಕೊಳವೆ ತೆಗೆದುಕೊಂಡರು. ಅಂದು ಬಂದ ಕಫವನ್ನು ನಾನೇ ಗಾಜಿನ ಮೇಲೆ ಹರಡಿದೆ. ಸೂಕ್ಷ್ಮದರ್ಶಕದಲ್ಲಿ ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ. ರಕ್ತದಲ್ಲಿ ಕಾಣದೆ ಅಡಗಿದ್ದ ಇಯೊಸಿನೊಫಿಲ್‌ಗಳೆಲ್ಲ ಶ್ವಾಸನಾಳದಲ್ಲಿ ಗುಂಪುಗೂಡಿದ್ದವು. ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ನೋಡಿ, “ಇವರಿಗೆ ಏನೂ ಇಲ್ಲ ಅಂದವರನ್ನ ಇಲ್ಲಿ ತಂದು ಕೂರಿಸ್ಬೇಕು” ಎಂದರು. ಉಳಿದದ್ದನ್ನು ತಮಿಳಿನಲ್ಲಿ ಹೇಳಿದರು, ಅದನ್ನು ಅಚ್ಚು ಹಾಕಲು ಶ್ರೀ ರಾಮದಾಸರು ಕೂಡ ಒಪ್ಪಲಾರರು.

ಸಂಪಾದಕರು ಬಿಡಬಹುದೇ ಎಂದು ಕೇಳಿದ ಪ್ರಸಂಗ ಇದೇ. ನನ್ನ ಪ್ರಕಾರ ಮೇಡಂ ಅವರ ಅತ್ಯುತ್ತಮ ಸಂಶೋಧನೆ ಇದೇ. ಮಡಿ ಮನೆಯ ಹೆಣ್ಣುಮಗಳೊಬ್ಬರು ತಾವು ಬೆಳೆದ ರೀತಿಯನ್ನು ಹೀಗಳೆಯದೆ, ರೋಗಿಯ ಸಂಕೋಚವನ್ನು ಮೂಢತನವೆನ್ನದೆ, ಆ ಸಂಕೋಚ ಎಲ್ಲಿಂದ ಬಂತೆಂದು ಬಲ್ಲವರಾದ್ದರಿಂದ ಅದನ್ನು ತಾವೇ ಮೊದಲು ಮುರಿದರು. ಆಮೇಲೆ ಬಂದ ಪ್ರತಿಯೊಬ್ಬ ಹೊಸ ರೋಗಿಯ ಜೊತೆಗೂ ಅವರು ಹಾಗೆಯೇ ಕೂತರು. ಹೆಂಗಸರ ಮಾದರಿಗಳು ಗಂಡಸರದ್ದಕ್ಕೆ ಸರಿಸಮನಾಗಿ ಬರತೊಡಗಿದವು. ಮುರಳೀಧರ ಅವರ ಪ್ರಬಂಧ ತಪ್ಪೆಂದು ಸಾಬೀತಾಯಿತು. ಮೇಡಂ ಅದನ್ನು ಎಲ್ಲೂ ಎತ್ತಿ ಆಡಲಿಲ್ಲ, ಅವರೂ ಅದನ್ನು ಹಿಂತೆಗೆದುಕೊಳ್ಳಲಿಲ್ಲ. ಆ ವರ್ಷದ ಬಡ್ತಿ ಮುರಳೀಧರ ಅವರಿಗೇ ಆಯಿತು.

ಪುಟ್ಟತಾಯಮ್ಮನವರು ಅಂದಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಕಫದಲ್ಲಿ ಕಿತ್ತಳೆ ಕೋಶ ಹೆಚ್ಚಿದರೆ ಸ್ಟಿರಾಯ್ಡ್ ಮಾತ್ರೆ ಸ್ವಲ್ಪ ಏರಿಸುವುದು, ತಗ್ಗಿದರೆ ಇಳಿಸುವುದು. ಆ ಲೆಕ್ಕದ ಮೇಲೆಯೇ ಅವರ ಉಸಿರು ನಿಂತಿತ್ತು. ಎರಡನೆಯ ಮಹಡಿಯ ಮನೆಗೆ ತರಕಾರಿ ಚೀಲ ಹಿಡಿದು ಹತ್ತುವಂತಾದರು. ಬರುವಾಗ ಮೇಡಂಗೆ ಮನೆಯಲ್ಲಿ ಕುಟ್ಟಿದ ಹುರಿಗಡಲೆ ಚಟ್ನಿಪುಡಿ ತರುತ್ತಿದ್ದರು. ಮೇಡಂ ಅದನ್ನು ಬೇಡವೆನ್ನದೆ ತೆಗೆದುಕೊಂಡು, ಅಲ್ಲಿಯೇ ನಮಗೆಲ್ಲ ಹಂಚಿಬಿಡುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ನಾನು ಓದು ಮುಗಿಸಿ ನಗರದ ದಕ್ಷಿಣ ತುದಿಯ ವೈದ್ಯಕೀಯ ಕಾಲೇಜಿಗೆ ಅಧ್ಯಾಪಕಿಯಾಗಿ ಬಂದೆ. ಮೇಡಂ ಅಲ್ಲೇ, ಮೆಟ್ಟಿಲ ಕೆಳಗೇ ಇದ್ದರು. ನಿವೃತ್ತಿಯ ದಿನ ಹತ್ತಿರವಾದಂತೆ ಸಮಿತಿ ರಚನೆಯಾಯಿತು. ಏನು ಕಾಣಿಕೆ ಬೇಕೆಂದು ಕೇಳಿದಾಗ ಮೇಡಂ, “ಆ ರೂಮು ನಡೀಲಿ, ಎಣಿಸೋಕೆ ಒಬ್ಬರನ್ನ ಹಾಕಿ, ನಾನೇ ಕಲಿಸಿಕೊಡ್ತೀನಿ” ಎಂದರು. ಎಲ್ಲರೂ ಅದನ್ನು ಅವರ ದೊಡ್ಡ ಗುಣವೆಂದು ಹೊಗಳಿ, ಬೆಳ್ಳಿಯ ದೀಪವೆಂದು ತೀರ್ಮಾನಿಸಿದರು. ಕೋಣೆಯ ಬಗ್ಗೆ ಬೇರೆಯೇ ತೀರ್ಮಾನವಾಯಿತು. ಅದಕ್ಕೆ ಮೇಡಂ ಹೆಸರಿಡುವುದು, ಗೋಡೆಗೆ ಬಣ್ಣ ಬಳಿದು ಅವರ ಭಾವಚಿತ್ರ ತೂಗುಹಾಕುವುದು, ಅವರು ಬಳಸಿದ ಸೂಕ್ಷ್ಮದರ್ಶಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಂದರ್ಶಕರಿಗೆ ತೋರಿಸುವುದು.

ನಾನು ಮುರಳೀಧರ ಅವರನ್ನು ಹೋಗಿ ಕಂಡೆ. ಅವರು ಕುರ್ಚಿ ತೋರಿಸಿ, ಫಿಲ್ಟರ್ ಕಾಫಿ ತರಿಸಿ, ಬಹಳ ಸೌಜನ್ಯದಿಂದಲೇ ಮಾತಾಡಿದರು.

“ನೋಡಮ್ಮಾ ಮಾನಸ, ಮೇಡಂ ಮೇಲೆ ನಮಗೆಲ್ಲ ಎಷ್ಟು ರೆಸ್ಪೆಕ್ಟ್ ಇದೆ ಅಂದ್ರೆ, ಆ ರೂಮನ್ನ ಬೇರೆ ಯಾರಿಗೂ ಕೊಡ್ತಾ ಇಲ್ಲ.”

“ರೋಗಿಗಳಿಗೂ ಕೊಡ್ತಾ ಇಲ್ವಲ್ಲ ಸಾರ್” ಎಂದೆ.

“ಈಗೆಲ್ಲ ಬ್ಲಡ್ ಟೆಸ್ಟ್ ಇದೆ. ಹತ್ತು ನಿಮಿಷದ ಕೆಲಸ. ಈ ಸಳಿ ಎಣಿಸೋದೆಲ್ಲ ಮೇಡಂ ಕಾಲಕ್ಕೆ ಸರಿ.”

ಪುಟ್ಟತಾಯಮ್ಮನವರಂಥವರ ರಕ್ತ ಸುಳ್ಳು ಹೇಳುತ್ತದೆ, ಅದು ನಿಮಗೂ ಗೊತ್ತು ಎಂದೆ. ಅಂಥವರು ಎಷ್ಟು ಜನ, ನಾಲ್ಕು ಜನಕ್ಕೋಸ್ಕರ ಒಂದು ಕೋಣೆ ನಡೆಸಲಾಗುತ್ತದೆಯೇ ಎಂದರು. ಕಾಫಿಯ ಪರಿಮಳ ಚೆನ್ನಾಗಿತ್ತು, ಕುಡಿಯಲಿಲ್ಲ.

ನಿವೃತ್ತಿಯಾದ ಮರುತಿಂಗಳು ಪುಟ್ಟತಾಯಮ್ಮನವರು ಎಂದಿನಂತೆ ಚಟ್ನಿಪುಡಿಯ ಡಬ್ಬಿ ಹಿಡಿದು ಹೋಗಿದ್ದಾರೆ. ಕೋಣೆಯಲ್ಲಿ ಬಣ್ಣ ಬಳಿಯುವವರಿದ್ದರು. ಮೇಲಿನ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದ ಯುವ ವೈದ್ಯರಿಗೆ ಅವರ ಹಿಂದಿನ ಕಥೆ ತಿಳಿಯದು. ರಕ್ತ ಪರೀಕ್ಷೆ ಮಾಡಿಸಿದರು, ಸರಿಯಾಗಿದೆ ಎಂದು ಬಂತು. ಎದೆಯ ಸದ್ದೂ ಆ ದಿನ ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುವವರಿಗೆ ಸ್ಟಿರಾಯ್ಡ್ ಮಾತ್ರೆ ಏಕೆ, ಅದರಿಂದ ಮೂಳೆ ಸವೆಯುತ್ತದೆ ಎಂದು ನಿಲ್ಲಿಸುವಂತೆ ಹೇಳಿದರು. ಆ ಹುಡುಗನನ್ನು ನಾನು ದೂರುವುದಿಲ್ಲ. ರಕ್ತ ಚೊಕ್ಕಟವಾಗಿದ್ದದ್ದೇ ಆ ಮಾತ್ರೆಯಿಂದ, ಶ್ವಾಸನಾಳವನ್ನು ಹತೋಟಿಯಲ್ಲಿ ಇಟ್ಟಿದ್ದೂ ಅದೇ ಎಂದು ಹೇಳಬಲ್ಲ ಪರೀಕ್ಷೆಗೆ ಬೀಗ ಹಾಕಿದವರು ಬೇರೆ.

ಕೆಲವೇ ವಾರಗಳಲ್ಲಿ ಪ್ರತಾಪ್ ನನಗೆ ಫೋನು ಮಾಡಿದರು. “ಮೇಡಮ್ಮೋರೆ, ಅಮ್ಮನ್ ತುಟಿ ನೀಲಿ ಆಗ್ಬುಟ್ಟದೆ, ಎಮರ್ಜೆನ್ಸಿಗೆ ತಂದಿವ್ನಿ” ಎಂದರು. ಮೆಟ್ರಿಕ್ಯುಲೇಷನ್‌ನಿಂದ ಎಂಜಿನಿಯರಿಂಗ್ ತನಕ ನಗರದಲ್ಲಿ ಓದಿ ಇಂಗ್ಲಿಷಿನಲ್ಲಿಯೇ ಮಾತಾಡುವ ಮನುಷ್ಯ. ಆ ದಿನ ಅಮ್ಮನ ಮಾತಿಗೇ ಇಳಿದಿದ್ದರು. ನಾನು ಮೇಡಂಗೆ ತಿಳಿಸಿ ಹೊರಟೆ. ನಾನು ತಲುಪುವಷ್ಟರಲ್ಲಿ ಮೇಡಂ ಸಂಸ್ಥೆಯ ಗೇಟಿನಲ್ಲಿ ನಿಂತಿದ್ದರು. ಹೊಸ ಕಾವಲುಗಾರ ಅವರನ್ನು ಗುರುತಿಸದೆ, ಸಂದರ್ಶಕರ ಪಾಸು ತೆಗೆದುಕೊಂಡು ಬನ್ನಿ ಎಂದಿದ್ದ. ಮೂರು ದಶಕ ಆ ಗೇಟಿನಿಂದ ಒಳಗೆ ಹೋದವರು ಸಾಲಿನಲ್ಲಿ ನಿಂತು ಪಾಸು ಪಡೆದರು. ನಾನು ಕಾವಲುಗಾರನ ಮೇಲೆ ಕೂಗಾಡಿದೆ, ಅದಕ್ಕೆ ನನಗೆ ವಿಷಾದವೂ ಇಲ್ಲ.

ವಾರ್ಡಿನಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ಆಮ್ಲಜನಕ ಹಾಕಿದ್ದರು. ಆದರೆ ಏನನ್ನು ತಡೆಯಲು ಕೊಡುತ್ತಿದ್ದೇವೆ ಎಂಬುದು ಯಾರಿಗೂ ತಿಳಿಯದು; ಇಂಜೆಕ್ಷನ್ ಆದ ಮೇಲೆ ತೆಗೆದ ರಕ್ತ ಸರಿಯಾಗಿದೆ, ಸೋಂಕಿರಬೇಕು, ಸ್ಟಿರಾಯ್ಡ್ ಮುಂದುವರಿಸುವುದು ಬೇಡ ಎಂದು ಚರ್ಚೆ ನಡೆದಿತ್ತು. ಮೇಡಂ ಹಾಸಿಗೆಯ ಪಕ್ಕ ಕೂತು ಪುಟ್ಟತಾಯಮ್ಮನವರ ಬೆನ್ನು ಸವರಿದರು. ಪುಟ್ಟತಾಯಮ್ಮನವರು ಮಾತಾಡಲಾರದೆ ಬಟ್ಟಲಿಗಾಗಿ ಕೈ ಚಾಚಿದರು; ಕೆಮ್ಮಿ, ಉಗುಳಿ, ಮೇಡಂ ಕೈಗೆ ಕೊಟ್ಟರು. ಮೆಟ್ಟಿಲ ಕೆಳಗಿನ ಕೋಣೆ ಅಲ್ಲಿಂದ ಕೂಗಳತೆಯ ದೂರ. ಬೀಗ ತೆಗೆಯಲು ನಿರ್ದೇಶಕರ ಅನುಮತಿ ಬೇಕು, ನಿರ್ದೇಶಕರು ಸಭೆಯಲ್ಲಿದ್ದಾರೆ ಎಂದರು. ಅದು ಅಭಿನಂದನ ಸಮಿತಿಯ ಸಭೆ.

ಆ ಬಟ್ಟಲನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು ನಾವಿಬ್ಬರೂ ಚೆನ್ನೈ ನಗರದ ಉತ್ತರದಿಂದ ದಕ್ಷಿಣಕ್ಕೆ ಕಾರಿನಲ್ಲಿ ಹೋದೆವು. ಪ್ರತಿ ಸಿಗ್ನಲ್ಲಿನಲ್ಲೂ ಮೇಡಂ “ಶೀಘ್ರಂ ಹೋಗಮ್ಮಾ, ಸತ್ತುಹೋಗತ್ತೆ” ಎನ್ನುತ್ತಿದ್ದರು. ಹೇಳುತ್ತಿದ್ದುದು ಕೋಶಗಳ ಬಗ್ಗೆ, ಆದರೆ ನಾನು ಬೇರೆಯೇ ಕೇಳಿಸಿಕೊಳ್ಳುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ಪಕ್ಕದ ವಿಭಾಗದ ಯಂತ್ರವನ್ನು ಬೇಡಿ ತಂದು ಗಾಜಿನ ಮೇಲೆ ಹರಡಿದೆವು. ಅರ್ಧಕ್ಕರ್ಧ ಕೋಶ ಸತ್ತಿದ್ದವು. ಉಳಿದ ಅರ್ಧದಲ್ಲಿ ಎಲ್ಲೆಲ್ಲೂ ಕಿತ್ತಳೆ ಬಣ್ಣ. ಮೇಡಂ ಅಲ್ಲಿಂದಲೇ ವಾರ್ಡಿಗೆ ಫೋನು ಮಾಡಿ, ಸ್ಟಿರಾಯ್ಡ್ ನಿಲ್ಲಿಸಬೇಡಿ ಎಂದರು, ತಮಿಳಿನಲ್ಲಿ. ಫೋನೆತ್ತಿದವರು ಮಾತ್ರೆ ನಿಲ್ಲಿಸಿದ್ದ ಅದೇ ಯುವ ವೈದ್ಯರು; ನಿವೃತ್ತರಾದವರ ಮಾತನ್ನು ಅವರು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದರು. ಅವರಿಗೆ ಪುಣ್ಯ ಬರಲಿ. ಪುಟ್ಟತಾಯಮ್ಮನವರು ಈಗ ಮನೆಯಲ್ಲಿದ್ದಾರೆ. ಮುಂದಿನ ತಿಂಗಳು ಅವರ ಔಷಧ ಏರಿಸಬೇಕೋ ಇಳಿಸಬೇಕೋ ಎಂದು ಹೇಳಬಲ್ಲವರು ಸಂಸ್ಥೆಯಲ್ಲಿ ಇಂದು ಯಾರೂ ಇಲ್ಲ. ಏದುಸಿರು ಬಿಡುವವರು ಪ್ರತಿ ಸಲವೂ ಊರಿನ ಆ ತುದಿಯಿಂದ ಈ ತುದಿಗೆ ಬರಲಾರರು.

ಮನೆಗೆ ಬಂದು ನಾನು ಮೊದಲು ಬರೆದಿದ್ದ ಕರಡನ್ನು ಹರಿದುಹಾಕಿ ಇದನ್ನು ಬರೆದೆ. ಮೇಡಂ ಓದಿದರು. ಮುರಳೀಧರ ಅವರ ವಿಚಾರ ಇಷ್ಟು ಕಟುವಾಗಿ ಬೇಕಾ ಎಂದು ಕೇಳುತ್ತಾರೆಂದುಕೊಂಡಿದ್ದೆ; ಕೇಳಲಿಲ್ಲ. ಬಿಡಿಸಿ ಹೇಳಿದ್ದೀಯ, ಇರಲಿ ಎಂದರು. ಸಮಾರಂಭಕ್ಕೆ ಬರುತ್ತೀರಾ ಎಂದೆ. “ಬರ್ತೀನಿ. ಶಾಲು ಹೊದಿಸಿದ್ರೆ ಹೊದ್ಕೊಳ್ತೀನಿ. ಗಾಜಿನ ಪೆಟ್ಟಿಗೆ ಮಾತ್ರ ನಾನು ಉದ್ಘಾಟನೆ ಮಾಡೋದಿಲ್ಲ” ಎಂದರು.

ಅಭಿನಂದನ ಲೇಖನದ ಕೊನೆಗೆ ಸನ್ಮಾನಿತರಿಗೆ ದೀರ್ಘಾಯುಸ್ಸನ್ನೂ ಮತ್ತಷ್ಟು ಸೇವೆ ಸಲ್ಲಿಸುವ ಶಕ್ತಿಯನ್ನೂ ಕೋರುವುದು ವಾಡಿಕೆ. ಮೇಡಂ, ಶಕ್ತಿ ನಿಮಗೆ ಯಥೇಚ್ಛವಾಗಿದೆ, ಇಲ್ಲದಿರುವುದು ಕೆಲಸ ಮಾಡುವ ಜಾಗ. ಆಯುಸ್ಸನ್ನು ಈ ಗ್ರಂಥದ ಉಳಿದೆಲ್ಲ ಲೇಖಕರು ಈಗಾಗಲೇ ಧಾರಾಳವಾಗಿ ಕೋರಿದ್ದಾರೆ. ಆದ್ದರಿಂದ ನನ್ನ ಪಾಲಿನ ಹಾರೈಕೆಯನ್ನು, ನಿಮ್ಮ ಒಪ್ಪಿಗೆ ಪಡೆದೇ, ಪುಟ್ಟತಾಯಮ್ಮನವರಿಗೆ ಕೊಡುತ್ತಿದ್ದೇನೆ. ಅವರು ಬಹುಕಾಲ ಬಾಳಲಿ. ಇದನ್ನು ನಡೆಸಿಕೊಡಿ ಎಂದು ದೇವರನ್ನು ಬೇಡುವ ಅಗತ್ಯವಿಲ್ಲ. ಬೀಗದ ಕೈ ಡಾ. ಮುರಳೀಧರ ಅವರ ಮೇಜಿನ ಡ್ರಾಯರಿನಲ್ಲಿದೆ.